ಗ್ರೀಸಿನ ಶಾಲೆಗಳು ಹೇಗೆ ನಡೆಯುತ್ತವೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ, ‘ಗ್ರೀಸಿನಲ್ಲಿ ಹದಿನೈದು ವರ್ಷದ ಮಕ್ಕಳಿಗೆ ನಮ್ಮ ಎಸ್ಸೆಸ್ಸೆಲ್ಸಿಯಂತಹ ಪಬ್ಲಿಕ್ ಪರೀಕ್ಷೆ ಇಲ್ಲ’ ಎಂಬ ಒಂದು ಮಾತು ಬರೆದಿದ್ದೆ. ಆ ಒಂದು ಸಾಲು ಇಷ್ಟು ಪತ್ರಗಳನ್ನು ತರುತ್ತದೆಂದು ಎಣಿಸಿರಲಿಲ್ಲ. ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದವುಗಳಲ್ಲಿ ಆರನ್ನು ಆರಿಸಿಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೆ, ಹತ್ತನೆಯ ತರಗತಿಗೆ ಪಬ್ಲಿಕ್ ಪರೀಕ್ಷೆಯೇ ಇಲ್ಲವೆಂದರೆ ಅಲ್ಲಿನ ಹಂತಗಳು ಹೇಗಿವೆ? ಪ್ರೌಢಶಾಲೆಯನ್ನು ಅವರು ‘ಜಿಮ್ನೇಷಿಯಂ’ ಎನ್ನುತ್ತಾರೆಂದು ನನ್ನ ಮೊಮ್ಮಗ ವಾದಿಸುತ್ತಾನೆ. ಇದು ನಿಜವೆ? (ನಿವೃತ್ತ ಮುಖ್ಯೋಪಾಧ್ಯಾಯರು, ಮಂಡ್ಯ)

ಉತ್ತರ: ತಮ್ಮ ಮೊಮ್ಮಗನ ಮಾತು ನಿಜ. ಗ್ರೀಕರ ಉಚ್ಚಾರಣೆಯಲ್ಲಿ ಅದು ‘ಯಿಮ್ನಾಸಿಯೊ’. ಪ್ರಾಚೀನ ಕಾಲದಲ್ಲಿ ಯುವಕರು ಬರಿಮೈಯಲ್ಲಿ ಅಂಗಸಾಧನೆ ಮಾಡುತ್ತಿದ್ದ ಸ್ಥಳಕ್ಕೆ ಆ ಹೆಸರಿತ್ತು. ‘ಯಿಮ್ನೊಸ್’ ಎಂದರೆ ಬತ್ತಲೆ ಎಂದೇ ಅರ್ಥ. ನಮ್ಮ ಗರಡಿಮನೆಯಂತಹ ಆ ಜಾಗಗಳಲ್ಲಿ ತತ್ತ್ವಜ್ಞಾನಿಗಳೂ ಬಂದು ಕುಳಿತು ಪಾಠ ಹೇಳತೊಡಗಿದ್ದರಿಂದ ಹೆಸರು ವಿದ್ಯೆಯ ಕಡೆಗೂ ಹರಿಯಿತು. ಇಂಗ್ಲಿಷರು ಅದರಿಂದ ವ್ಯಾಯಾಮವನ್ನು ಉಳಿಸಿಕೊಂಡರು, ಗ್ರೀಕರೂ ಜರ್ಮನರೂ ಶಾಲೆಯನ್ನು ಉಳಿಸಿಕೊಂಡರು. ಅದರ ಮುಂದಿನ ಹಂತಕ್ಕಿರುವ ‘ಲೀಕಿಯೊ’ ಎಂಬ ಹೆಸರು ಅರಿಸ್ಟಾಟಲ್ ಪಾಠ ಹೇಳುತ್ತಿದ್ದ ಅಥೆನ್ಸಿನ ತೋಪಿನದು.

ಹಂತಗಳು ಹೀಗಿವೆ. ನಾಲ್ಕನೆಯ ವಯಸ್ಸಿಗೆ ಮಗು ‘ನಿಪಿಯಗೋಯಿಯೊ’ ಎಂಬ ಶಿಶುವಿಹಾರವನ್ನು ಸೇರಿ ಎರಡು ವರ್ಷ ಅಲ್ಲಿರುತ್ತದೆ. ಆರರಿಂದ ಹನ್ನೆರಡರವರೆಗೆ ಆರು ವರ್ಷ ‘ದಿಮೋತಿಕೊ’, ಅಂದರೆ ಪ್ರಾಥಮಿಕ ಶಾಲೆ. ಹನ್ನೆರಡರಿಂದ ಹದಿನೈದರವರೆಗೆ ಮೂರು ವರ್ಷ ಯಿಮ್ನಾಸಿಯೊ, ಆಮೇಲೆ ಮೂರು ವರ್ಷ ಲೀಕಿಯೊ. ಪ್ರತಿ ಹಂತದಲ್ಲೂ ತರಗತಿಗಳ ಎಣಿಕೆ ಒಂದರಿಂದಲೇ ಮತ್ತೆ ಶುರುವಾಗುವುದರಿಂದ, ಅಲ್ಲಿ ‘ಒಂದನೆಯ ತರಗತಿ’ ಎಂದವನು ಆರು ವರ್ಷದವನೂ ಆಗಿರಬಹುದು, ಹದಿನೈದರವನೂ ಆಗಿರಬಹುದು. ಯಾವ ಶಾಲೆಯ ಒಂದನೆಯ ತರಗತಿ ಎಂದು ಕೇಳಿಯೇ ತಿಳಿಯಬೇಕು.

ಇದರಲ್ಲಿ ಲೀಕಿಯೊ ಕಡ್ಡಾಯವಲ್ಲ. ನಾಲ್ಕರಿಂದ ಹದಿನೈದರವರೆಗಿನ ಹನ್ನೊಂದು ವರ್ಷಗಳ ಶಿಕ್ಷಣ ಮಾತ್ರ ಕಡ್ಡಾಯ. ಸಂವಿಧಾನದ 16ನೆಯ ವಿಧಿ ಹೇಳುವುದು ‘ಕನಿಷ್ಠ ಒಂಬತ್ತು ವರ್ಷ’ ಎಂದು; 2006ರ ಕಾನೂನು ಶಿಶುವಿಹಾರದ ಒಂದು ವರ್ಷವನ್ನೂ 2018ರದು ಇನ್ನೊಂದು ವರ್ಷವನ್ನೂ ಅದಕ್ಕೆ ಸೇರಿಸಿದವು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗೆ ನಿಲ್ಲುತ್ತದೆ, ಅಂಗನವಾಡಿ ಅದರ ಹೊರಗೇ ಉಳಿಯುತ್ತದೆ ಎಂಬುದನ್ನು ತಾವು ಬಲ್ಲಿರಿ.

ಯಿಮ್ನಾಸಿಯೊ ಮುಗಿಸುವಾಗ ಆಯಾ ಶಾಲೆಯೇ ಪರೀಕ್ಷೆ ನಡೆಸಿ, ಇಪ್ಪತ್ತಕ್ಕೆ ಅಂಕ ಹಾಕಿ, ‘ಅಪೊಲಿತೀರಿಯೊ’ ಎಂಬ ಪ್ರಮಾಣಪತ್ರ ಕೊಡುತ್ತದೆ. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯಾಗಲಿ, ಜಿಲ್ಲಾವಾರು ಫಲಿತಾಂಶದ ಪಟ್ಟಿಯಾಗಲಿ, ಮಂಡ್ಯ ಎಷ್ಟನೆಯ ಸ್ಥಾನ ಎಂಬ ಪತ್ರಿಕಾ ವರದಿಯಾಗಲಿ ಆ ವಯಸ್ಸಿನಲ್ಲಿ ಇಲ್ಲ. ಅದರ ಬದಲು ಇಡೀ ಭಾರ ಹದಿನೆಂಟನೆಯ ವಯಸ್ಸಿನ ಮೇಲೆ ಬೀಳುತ್ತದೆ; ಅದನ್ನು ಮದ್ದೂರಿನ ಓದುಗರ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ: ನನ್ನ ತಮ್ಮನಿಗೆ ಅಥೆನ್ಸಿಗೆ ವರ್ಗವಾಗಿದೆ. ಅವನ ಮಗ ಇಲ್ಲಿ ಆರನೆಯ ತರಗತಿ ಮುಗಿಸಿದ್ದಾನೆ, ಹನ್ನೊಂದು ವರ್ಷ. ಗ್ರೀಕ್ ಅಕ್ಷರವೇ ಗೊತ್ತಿಲ್ಲದ ಮಗುವನ್ನು ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳುತ್ತಾರೆಯೆ? ಶುಲ್ಕ ಎಷ್ಟಾದೀತು? (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಸೇರಿಸಿಕೊಳ್ಳುತ್ತಾರೆ, ಶುಲ್ಕವೇನೂ ಇಲ್ಲ. ಪಠ್ಯಪುಸ್ತಕಗಳನ್ನು ಸರ್ಕಾರವೇ ಅಚ್ಚು ಹಾಕಿಸಿ ಮಗುವಿನ ಕೈಗೆ ಕೊಡುತ್ತದೆ; ಇದಕ್ಕಾಗಿಯೇ 1937ರಲ್ಲಿ ಒಂದು ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದ್ದರು. ಕಡ್ಡಾಯ ಶಿಕ್ಷಣದ ವಯಸ್ಸಿನಲ್ಲಿರುವ ವಿದೇಶಿ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದಿದೆ. ಕಾಗದಪತ್ರ ಅಪೂರ್ಣವಾಗಿದ್ದರೂ ದಾಖಲಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆಂದು ಲಸಿಕೆಯ ದಾಖಲೆಯನ್ನೂ ಇಲ್ಲಿನ ವರ್ಗಾವಣೆ ಪತ್ರವನ್ನೂ ಮರೆತು ಹೋಗಬೇಡಿರೆಂದು ತಮ್ಮನವರಿಗೆ ಹೇಳಿ. ಯಾವ ಶಾಲೆ ಎಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಆದ್ದರಿಂದ ಮೊದಲು ಶಾಲೆ ಹುಡುಕಿ ಆಮೇಲೆ ಮನೆ ಹುಡುಕುವ ನಮ್ಮ ಕ್ರಮವನ್ನು ಅವರು ತಿರುವುಮುರುವು ಮಾಡಿಕೊಳ್ಳಬೇಕಾದೀತು, ಇಲ್ಲವೇ ಶಾಲೆಯನ್ನು ನೋಡಿಕೊಂಡೇ ಬಾಡಿಗೆ ಮನೆ ಹಿಡಿಯಬೇಕಾದೀತು.

ತರಗತಿಯ ವಿಷಯದಲ್ಲಿ ಒಂದು ಸಣ್ಣ ನಿರಾಸೆಗೆ ಸಿದ್ಧರಿರಬೇಕು. ಯಾವ ವರ್ಷ ಮಗುವಿಗೆ ಆರು ತುಂಬುತ್ತದೆಯೋ ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿ ದಿಮೋತಿಕೊ ಆರಂಭವಾಗುತ್ತದೆ. ಆ ಲೆಕ್ಕದಲ್ಲಿ ಈ ವರ್ಷ ಹನ್ನೊಂದು ತುಂಬುವ ಹುಡುಗ ಅಲ್ಲಿನ ಆರನೆಯ ತರಗತಿಗೆ ಸಲ್ಲುತ್ತಾನೆ. ಇಲ್ಲಿ ಓದಿದ್ದನ್ನೇ ಅಲ್ಲಿ ಮತ್ತೊಮ್ಮೆ ಓದಬೇಕಾಗಬಹುದು. ನನ್ನನ್ನು ಕೇಳಿದರೆ ಇದು ನಷ್ಟವಲ್ಲ. ಭಾಷೆ ಕಲಿಯಲು ಸಿಗುವ ಈ ಒಂದು ವರ್ಷ ಯಿಮ್ನಾಸಿಯೊದಲ್ಲಿ ಸಿಗದು, ಏಕೆಂದರೆ ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಜೊತೆಗೆ ಪ್ರಾಚೀನ ಗ್ರೀಕ್ ಬೇರೆ.

ಭಾಷೆ ಬಾರದ ಮಕ್ಕಳಿಗಾಗಿ ಅನೇಕ ಶಾಲೆಗಳಲ್ಲಿ ‘ಸ್ವಾಗತ ತರಗತಿ’ಗಳಿವೆ. ಮಗು ದಿನದ ಕೆಲವು ಗಂಟೆ ಅಲ್ಲಿ ಗ್ರೀಕ್ ಕಲಿತು, ಉಳಿದ ಹೊತ್ತು ಗಣಿತ, ಚಿತ್ರಕಲೆ, ವ್ಯಾಯಾಮಗಳಿಗೆ ತನ್ನ ವಯಸ್ಸಿನವರ ಜೊತೆ ಕೂರುತ್ತದೆ. ಎಲ್ಲ ಶಾಲೆಯಲ್ಲೂ ಈ ತರಗತಿ ಇರುವುದಿಲ್ಲವಾದ್ದರಿಂದ ಮನೆ ಹಿಡಿಯುವ ಮೊದಲೇ ವಿಚಾರಿಸುವುದು ಒಳ್ಳೆಯದು. ಇಂಗ್ಲಿಷ್ ಪಾಠ ಪ್ರಾಥಮಿಕದ ಒಂದನೆಯ ತರಗತಿಯಿಂದಲೇ ಇದೆ, ಈಚಿನ ವರ್ಷಗಳಲ್ಲಿ ಶಿಶುವಿಹಾರಕ್ಕೂ ಇಳಿದಿದೆ; ಐದನೆಯ ತರಗತಿಯಿಂದ ಫ್ರೆಂಚ್ ಅಥವಾ ಜರ್ಮನ್ ಸೇರಿಕೊಳ್ಳುತ್ತದೆ. ಹೀಗಾಗಿ ಹುಡುಗನ ಮಾತು ತಿಳಿಯುವ ಒಬ್ಬರಾದರೂ ಶಾಲೆಯಲ್ಲಿ ಇರುತ್ತಾರೆ.

ಪ್ರಾಥಮಿಕ ಶಾಲೆ ಬೆಳಗ್ಗೆ ಎಂಟೂಕಾಲಕ್ಕೆ ಆರಂಭವಾಗಿ ಮಧ್ಯಾಹ್ನ ಒಂದೂಕಾಲಿಗೆ ಬಿಡುತ್ತದೆ, ಶನಿವಾರ ರಜೆ. ಇಬ್ಬರೂ ದುಡಿಯುವ ಮನೆಗಳಿಗೆ ‘ಇಡೀ ದಿನದ ಶಾಲೆ’ ಎಂಬ ಐಚ್ಛಿಕ ವ್ಯವಸ್ಥೆ ಸಂಜೆ ನಾಲ್ಕರವರೆಗೆ, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಹೊತ್ತು ಇರುತ್ತದೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳು ಅಥೆನ್ಸಿನಲ್ಲಿ ಇವೆ, ದುಬಾರಿ. ಎರಡು ಮೂರು ವರ್ಷವಾದರೂ ಅಲ್ಲಿರುವುದಾದರೆ ಸರ್ಕಾರಿ ಶಾಲೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹೆಚ್ಚಿನ ಮಕ್ಕಳು ಹೋಗುವುದೂ ಅಲ್ಲಿಗೇ.

ಪ್ರಶ್ನೆ: ಗ್ರೀಸಿನಲ್ಲಿ ಶಿಕ್ಷಣ ಪೂರ್ತಿ ಉಚಿತವೆಂದು ಓದಿದ್ದೇನೆ. ಹಾಗಾದರೆ ಸಿಇಟಿಯ ಕಾಟವೂ ಟ್ಯೂಷನ್ನಿನ ಕಾಟವೂ ಅಲ್ಲಿಲ್ಲವೆ? (ಪದವಿಪೂರ್ವ ಉಪನ್ಯಾಸಕರು, ಮದ್ದೂರು)

ಉತ್ತರ: ಎರಡೂ ಇವೆ, ನಮ್ಮಷ್ಟೇ ಇವೆ. ಗ್ರೀಸಿನ ವ್ಯವಸ್ಥೆಯನ್ನು ಕಾನೂನಿನ ಪುಟದಲ್ಲಷ್ಟೇ ಓದಿದವರಿಗೂ ಅಲ್ಲಿನ ಮನೆಯೊಂದರ ತಿಂಗಳ ಖರ್ಚು ನೋಡಿದವರಿಗೂ ಎರಡು ಬೇರೆ ಬೇರೆ ಚಿತ್ರಗಳು ಸಿಗುತ್ತವೆ.

ಕಾನೂನಿನ ಚಿತ್ರ ಮೊದಲು. 1964ರಲ್ಲಿ ಯೋರ್ಗೋಸ್ ಪಾಪಂದ್ರೇವು ಅವರ ಸರ್ಕಾರ, ಇವಾಂಗೆಲೊಸ್ ಪಾಪನುತ್ಸೊಸ್ ಎಂಬ ಶಿಕ್ಷಣತಜ್ಞರ ಮುಂದಾಳುತನದಲ್ಲಿ, ಎಲ್ಲ ಹಂತದ ಶಿಕ್ಷಣವನ್ನೂ ಉಚಿತಗೊಳಿಸಿ ಕಡ್ಡಾಯ ಅವಧಿಯನ್ನು ಒಂಬತ್ತು ವರ್ಷಕ್ಕೆ ಏರಿಸಿತು. 1967ರಲ್ಲಿ ಅಧಿಕಾರ ಕಸಿದುಕೊಂಡ ಸೇನಾಧಿಕಾರಿಗಳು ಆ ಸುಧಾರಣೆಯ ಬಹುಪಾಲನ್ನು ಅಳಿಸಿಹಾಕಿದರು. 1974ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ, 1975ರ ಸಂವಿಧಾನ ಮತ್ತು 1976ರ ಕಾನೂನುಗಳ ಮೂಲಕ ಅದು ಮತ್ತೆ ಬಂತು. ಇಂದಿಗೂ ಸರ್ಕಾರಿ ವಿಶ್ವವಿದ್ಯಾಲಯದ ಮೊದಲ ಪದವಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ, ಅಲ್ಲಿಯ ಪುಸ್ತಕಗಳೂ ಉಚಿತ. ಉನ್ನತ ಶಿಕ್ಷಣವನ್ನು ಸರ್ಕಾರಿ ಸಂಸ್ಥೆಗಳು ಮಾತ್ರ ಕೊಡಬೇಕೆಂದು ಸಂವಿಧಾನ ಹೇಳುತ್ತದೆ; 2024ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಶಾಖೆಗಳಿಗೆ ಅನುಮತಿ ಕೊಡುವ ಕಾನೂನು ಬಂದಾಗ ವಿದ್ಯಾರ್ಥಿಗಳು ಬೀದಿಗಿಳಿದದ್ದು ಇದೇ ಕಾರಣಕ್ಕೆ.

ಇನ್ನು ಮನೆಯ ಚಿತ್ರ. ಲೀಕಿಯೊದ ಕೊನೆಯ ವರ್ಷದ ಅಂತ್ಯದಲ್ಲಿ, ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ, ದೇಶಕ್ಕೆಲ್ಲ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ‘ಪಾನೆಲ್ಲೀನಿಯೆಸ್’ ಪರೀಕ್ಷೆ ನಡೆಯುತ್ತದೆ. ‘ಗ್ರೀಕರೆಲ್ಲರ ಪರೀಕ್ಷೆ’ ಎಂದು ಆ ಹೆಸರಿನ ಅರ್ಥ. ವಿದ್ಯಾರ್ಥಿ ಮಾನವಿಕ, ವಿಜ್ಞಾನ ಮತ್ತು ತಂತ್ರಜ್ಞಾನ, ಆರೋಗ್ಯ, ಅರ್ಥಶಾಸ್ತ್ರ ಮತ್ತು ಕಂಪ್ಯೂಟರ್ ಎಂಬ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಆಯ್ದು ನಾಲ್ಕು ವಿಷಯ ಬರೆಯಬೇಕು. ಆ ನಾಲ್ಕರಲ್ಲಿ ಆಧುನಿಕ ಗ್ರೀಕ್ ಭಾಷೆ ಮತ್ತು ಸಾಹಿತ್ಯ ಎಲ್ಲರಿಗೂ ಸಮಾನ. ವೈದ್ಯನಾಗಹೊರಟವನೂ ತನ್ನ ಮಾತೃಭಾಷೆಯಲ್ಲಿ ಪ್ರಬಂಧ ಬರೆದು ಅಂಕ ಗಳಿಸದೆ ವೈದ್ಯನಾಗಲಾರ ಎಂಬ ಈ ನಿಯಮವನ್ನು ಕಂಡು, ಕನ್ನಡದ ಅಂಕ ಸಿಇಟಿಯ ರ‍್ಯಾಂಕಿಗೆ ಲೆಕ್ಕಕ್ಕೇ ಬಾರದ ನಾಡಿನವನಾದ ನನಗೆ ತುಸು ಅಸೂಯೆಯಾದದ್ದುಂಟು. ಪ್ರತಿ ಪತ್ರಿಕೆಗೆ ಮೂರು ಗಂಟೆ. ನಮ್ಮ ಸಿಇಟಿಯಂತೆ ಕೇವಲ ಸರಿಯುತ್ತರದ ವೃತ್ತ ತುಂಬುವ ಪರೀಕ್ಷೆಯಲ್ಲ, ಹೆಚ್ಚಾಗಿ ಬರೆದೇ ಉತ್ತರಿಸಬೇಕು. ಉತ್ತರಪತ್ರಿಕೆಯ ಹೆಸರನ್ನು ಮುಚ್ಚಿ ಇಬ್ಬರು ಬೇರೆ ಬೇರೆಯಾಗಿ ಮೌಲ್ಯಮಾಪನ ಮಾಡುತ್ತಾರೆ. ಅವರ ನಡುವೆ ಅಂತರ ಹೆಚ್ಚಾದರೆ ಮೂರನೆಯವರು ನೋಡುತ್ತಾರೆ.

ಅಂಕಗಳನ್ನು ವಿಷಯವಾರು ತೂಗಿ ಒಟ್ಟು ಇಪ್ಪತ್ತು ಸಾವಿರಕ್ಕೆ ಲೆಕ್ಕ ಹಾಕುತ್ತಾರೆ. ಆಮೇಲೆ ವಿದ್ಯಾರ್ಥಿ ತನಗೆ ಬೇಕಾದ ವಿಶ್ವವಿದ್ಯಾಲಯ ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ಕಂಪ್ಯೂಟರಿನಲ್ಲಿ ತುಂಬಬೇಕು. ನಮ್ಮಲ್ಲಿ ಸಿಇಟಿಯ ನಂತರ ‘ಆಪ್ಷನ್ ಎಂಟ್ರಿ’ ಎಂದು ಮನೆಮಂದಿಯೆಲ್ಲ ಕಂಪ್ಯೂಟರ್ ಮುಂದೆ ಕೂರುವುದನ್ನು ತಾವು ನೋಡಿಯೇ ಇರುತ್ತೀರಿ, ಅದೇ ದೃಶ್ಯ. 2021ರಿಂದ ಪ್ರತಿ ವಿಭಾಗಕ್ಕೂ ಒಂದು ಕನಿಷ್ಠ ಅಂಕದ ಗೆರೆ ಎಳೆದಿದ್ದಾರೆ. ಆ ಗೆರೆ ಸ್ಥಿರವಲ್ಲ: ಆ ವರ್ಷ ಬರೆದವರ ಸರಾಸರಿಯನ್ನು, ವಿಭಾಗ ತಾನೇ ಆರಿಸಿಕೊಂಡ ಒಂದು ಗುಣಾಂಕದಿಂದ ಗುಣಿಸಿ ಅದನ್ನು ಪಡೆಯುತ್ತಾರೆ. ಪರಿಣಾಮವಾಗಿ ಸೀಟು ಖಾಲಿಯಿದ್ದರೂ ಗೆರೆ ದಾಟದವರಿಗೆ ಪ್ರವೇಶವಿಲ್ಲ. ಜಾರಿಗೆ ಬಂದ ವರ್ಷವೇ ದೂರದ ಊರುಗಳ ವಿಭಾಗಗಳಲ್ಲಿ ಸಾವಿರಾರು ಸ್ಥಾನಗಳು ಖಾಲಿ ಉಳಿದವು.

ಈ ಪರೀಕ್ಷೆಗಾಗಿಯೇ ಬೆಳೆದದ್ದು ‘ಫ್ರೊಂದಿಸ್ತೀರಿಯೊ’, ಅಂದರೆ ಖಾಸಗಿ ಟ್ಯೂಷನ್ ಕೇಂದ್ರ. ಸರಸ್ವತಿಪುರಂನ ರಸ್ತೆಗಳಲ್ಲಿ ನೇತಾಡುವ ಟ್ಯೂಷನ್ ಬೋರ್ಡುಗಳಂತೆ ಗ್ರೀಸಿನ ಸಣ್ಣ ಪಟ್ಟಣದಲ್ಲೂ ಇವುಗಳ ಫಲಕಗಳು ಕಾಣುತ್ತವೆ, ಫಲಿತಾಂಶದ ಮರುದಿನ ಯಶಸ್ವಿ ವಿದ್ಯಾರ್ಥಿಗಳ ಪಟ್ಟಿಯೂ ಏರುತ್ತದೆ. ಮಧ್ಯಾಹ್ನ ಶಾಲೆ ಬಿಟ್ಟ ಹುಡುಗ ಊಟ ಮಾಡಿ ಸಂಜೆ ಅಲ್ಲಿ ಅದೇ ಭೌತಶಾಸ್ತ್ರವನ್ನು ಮತ್ತೆ ಕಲಿಯುತ್ತಾನೆ. ಸರ್ಕಾರಿ ಶಿಕ್ಷಕರು ಹಣ ಪಡೆದು ಮನೆಪಾಠ ಹೇಳುವುದಕ್ಕೆ ನಿಷೇಧವಿದೆ, ಆದರೆ ನಿಷೇಧದಿಂದ ಟ್ಯೂಷನ್ನಿನ ಬೇಡಿಕೆ ಕುಗ್ಗಿಲ್ಲ. ತಮಾಷೆಯೆಂದರೆ, ಈ ಪದ ಹುಟ್ಟಿದ್ದೇ ಗೇಲಿಗಾಗಿ: ಪ್ರಾಚೀನ ಅಥೆನ್ಸಿನ ಒಂದು ಹಾಸ್ಯನಾಟಕದಲ್ಲಿ ಸಾಕ್ರಟೀಸನ ‘ಚಿಂತನಶಾಲೆ’ಯನ್ನು ಅಣಕಿಸಲು ಇದನ್ನು ಬಳಸಿದ್ದರು.

ಪಾನೆಲ್ಲೀನಿಯೆಸ್ ಬೇಡವೆನ್ನುವವರಿಗೆ ವೃತ್ತಿಪರ ಲೀಕಿಯೊಗಳಿವೆ. ಮೂರು ವರ್ಷ ಓದಿ, ಬೇಕಿದ್ದರೆ ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿದು, ಎಲೆಕ್ಟ್ರಿಷಿಯನ್ನೋ ಶುಶ್ರೂಷಾ ಸಹಾಯಕರೋ ಆಗಬಹುದು. ಅಲ್ಲಿಂದಲೂ ಉನ್ನತ ಶಿಕ್ಷಣಕ್ಕೆ ಪ್ರತ್ಯೇಕ ಪರೀಕ್ಷೆಯ ದಾರಿಯಿದೆ. ಆದರೆ ನಮ್ಮಲ್ಲಿ ಐಟಿಐ ಎಂದರೆ ಮೂಗು ಮುರಿಯುವ ತಂದೆತಾಯಿಗಳಿರುವಂತೆ ಅಲ್ಲಿಯೂ ಇದ್ದಾರೆ.

ಪ್ರಶ್ನೆ: ನಮಗೆ ಹಳಗನ್ನಡವಿರುವಂತೆ ಅವರಿಗೆ ಪ್ರಾಚೀನ ಗ್ರೀಕ್ ಇದೆಯಲ್ಲವೆ? ಶಾಲೆಯಲ್ಲಿ ಅದನ್ನು ಮೂಲದಲ್ಲೇ ಕಲಿಸುತ್ತಾರೆಯೆ? (ಕನ್ನಡ ಎಂ.ಎ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು)

ಉತ್ತರ: ಕಲಿಸುತ್ತಾರೆ, ಆದರೆ ಅದರ ಹಿಂದೆ ನೂರು ವರ್ಷದ ಜಗಳವಿದೆ. ಸ್ವತಂತ್ರ ಗ್ರೀಸ್ ಹುಟ್ಟಿದಾಗ ಮನೆಮಾತಿನ ಗ್ರೀಕ್ ಒಂದು, ಕಚೇರಿ ಮತ್ತು ಶಾಲೆಗಳ ಗ್ರೀಕ್ ಇನ್ನೊಂದು ಆಗಿತ್ತು. ಮೊದಲನೆಯದು ‘ದಿಮೋತಿಕಿ’, ಜನರ ಮಾತು. ಎರಡನೆಯದು ‘ಕಥಾರೇವುಸಾ’, ಪ್ರಾಚೀನ ರೂಪಗಳನ್ನು ತುರುಕಿ ‘ಶುದ್ಧಿ’ ಮಾಡಿದ ಭಾಷೆ. ಮನೆಯಲ್ಲಿ ಹೊಸಗನ್ನಡ ಆಡುವ ಮಗು ಶಾಲೆಯಲ್ಲಿ ನಡುಗನ್ನಡದ ವಿಭಕ್ತಿಗಳನ್ನು ಹಚ್ಚಿ ವಿಜ್ಞಾನದ ಉತ್ತರ ಬರೆಯಬೇಕಾಗಿದ್ದರೆ ಹೇಗಿರುತ್ತಿತ್ತೋ ಊಹಿಸಿಕೊಳ್ಳಿ. 1901ರಲ್ಲಿ ಒಂದು ಪತ್ರಿಕೆ ಬೈಬಲಿನ ಸುವಾರ್ತೆಯನ್ನು ಜನಭಾಷೆಗೆ ಅನುವಾದಿಸಿ ಪ್ರಕಟಿಸಿದ್ದಕ್ಕೆ ಅಥೆನ್ಸಿನ ಬೀದಿಗಳಲ್ಲಿ ಗಲಭೆಯಾಗಿ ಜನ ಸತ್ತರು. 1911ರ ಸಂವಿಧಾನ ಅಧಿಕೃತ ಭಾಷೆಗೆ ರಕ್ಷಣೆಯನ್ನೇ ಕೊಟ್ಟಿತು. ಸೇನಾಡಳಿತವೂ ಕಥಾರೇವುಸಾವನ್ನು ಅಪ್ಪಿಕೊಂಡಿದ್ದರಿಂದ, ಆ ಆಡಳಿತ ಬಿದ್ದಾಗ ಭಾಷೆಯ ಮಾನವೂ ಅದರೊಡನೆ ಬಿತ್ತು. 1976ರಲ್ಲಿ ಯೋರ್ಗೋಸ್ ರಾಲ್ಲಿಸ್ ಶಿಕ್ಷಣ ಮಂತ್ರಿಯಾಗಿದ್ದಾಗ ದಿಮೋತಿಕಿ ಶಾಲೆಯ ಭಾಷೆಯಾಯಿತು. 1982ರಲ್ಲಿ ಉಚ್ಚಾರದಿಂದ ಎಂದೋ ಮರೆಯಾಗಿದ್ದ ಹಳೆಯ ಸ್ವರಚಿಹ್ನೆಗಳನ್ನು ತೆಗೆದು, ಒತ್ತು ಬೀಳುವ ಅಕ್ಷರಕ್ಕೆ ಒಂದೇ ಚಿಹ್ನೆ ಸಾಕೆಂದರು.

1976ರ ಆ ಸುಧಾರಣೆಯಲ್ಲಿ ಯಿಮ್ನಾಸಿಯೊದಿಂದ ಪ್ರಾಚೀನ ಗ್ರೀಕಿನ ಮೂಲಪಾಠವೂ ಹೊರಟುಹೋಗಿ, ಕಾವ್ಯಗಳನ್ನು ಅನುವಾದದಲ್ಲಿ ಓದುವ ಕ್ರಮ ಬಂತು. ಮಕ್ಕಳ ಭಾಷೆ ಬಡವಾಗುತ್ತಿದೆ ಎಂಬ ಕೂಗೆದ್ದು 1990ರ ದಶಕದ ಆರಂಭದಲ್ಲಿ ಮೂಲಪಾಠ ಮರಳಿತು. ಈಗ ಎರಡೂ ಉಂಟು: ಹೋಮರನ ಒಡಿಸ್ಸಿಯನ್ನು ಮೊದಲ ವರ್ಷ, ಇಲಿಯಡ್ಡನ್ನು ಎರಡನೆಯ ವರ್ಷ ಆಧುನಿಕ ಭಾಷೆಯಲ್ಲಿ ಓದುತ್ತಾರೆ, ಬೇರೊಂದು ಅವಧಿಯಲ್ಲಿ ಸಣ್ಣ ಗದ್ಯಭಾಗಗಳ ಮೂಲಕ ಪ್ರಾಚೀನ ವ್ಯಾಕರಣ ಕಲಿಯುತ್ತಾರೆ. ಕಥೆಯ ರುಚಿಯನ್ನು ಅನುವಾದಕ್ಕೂ ವ್ಯಾಕರಣದ ಶ್ರಮವನ್ನು ಮೂಲಕ್ಕೂ ಹಂಚಿದ ಈ ವಿಧಾನ ನನಗೆ ಒಪ್ಪಿತವಲ್ಲ. ಹನ್ನೆರಡರ ಹುಡುಗನಿಗೆ ಪ್ರಾಚೀನ ಭಾಷೆ ಎಂದರೆ ಧಾತುರೂಪಗಳ ಪಟ್ಟಿ ಎಂಬ ಭಾವನೆ ಇದರಿಂದಲೇ ಬರುತ್ತದೆ. ನಮ್ಮಲ್ಲಿ ಅರ್ಥವಾಗದಿದ್ದರೂ ಷಟ್ಪದಿಯನ್ನು ರಾಗವಾಗಿ ಓದಿಸುವ ಮೇಷ್ಟರೊಬ್ಬರು ಸಿಕ್ಕರೆ ಮಕ್ಕಳ ಕಿವಿಯಾದರೂ ತೆರೆಯುತ್ತದೆ.

ಪ್ರಶ್ನೆ: ಎಚ್.ಡಿ. ಕೋಟೆಯ ಹಾಡಿಯೊಂದರ ಪಕ್ಕದ ಶಾಲೆಯಲ್ಲಿ ನಾನೊಬ್ಬನೇ ಶಿಕ್ಷಕ, ನಾಲ್ಕು ತರಗತಿ. ಗ್ರೀಸಿನ ದ್ವೀಪಗಳಲ್ಲಿ ಇಂತಹ ಶಾಲೆಗಳಿವೆಯೆ? (ಸಹಶಿಕ್ಷಕರು, ಎಚ್.ಡಿ. ಕೋಟೆ)

ಉತ್ತರ: ಇವೆ, ಅವಕ್ಕೆ ‘ಏಕಶಿಕ್ಷಕ ಶಾಲೆ’ ಎಂದೇ ಹೆಸರು. ಪರ್ವತದ ಹಳ್ಳಿಗಳಲ್ಲೂ ಸಣ್ಣ ದ್ವೀಪಗಳಲ್ಲೂ ಒಬ್ಬರೇ ಶಿಕ್ಷಕರು ಎರಡೆರಡು ತರಗತಿಗಳನ್ನು ಜೋಡಿಸಿ ಪಾಠ ಮಾಡುತ್ತಾರೆ. ಆದರೆ ಪುಸ್ತಕ, ವೇಳಾಪಟ್ಟಿ, ನೇಮಕಾತಿ ಎಲ್ಲವೂ ಅಥೆನ್ಸಿನ ಸಚಿವಾಲಯದಿಂದಲೇ ಇಳಿದು ಬರುತ್ತವೆ. ನಮ್ಮ ಡಿಡಿಪಿಐ, ಬಿಇಒ ಕಚೇರಿಗಳಂತೆ ಪ್ರಾದೇಶಿಕ ನಿರ್ದೇಶನಾಲಯಗಳಿದ್ದರೂ ಅವು ಹೆಚ್ಚಾಗಿ ಆದೇಶವನ್ನು ಮುಂದಕ್ಕೆ ದಾಟಿಸುವ ಕೆಲಸ ಮಾಡುತ್ತವೆ. ಸ್ಥಳೀಯ ಪುರಸಭೆಗೆ ಕಟ್ಟಡದ ದುರಸ್ತಿ, ನಿರ್ವಹಣೆಗಳಷ್ಟೇ ಉಳಿಯುತ್ತವೆ. ತಮ್ಮದೇ ತಾಲ್ಲೂಕಿನಲ್ಲಿ 1995ರಲ್ಲಿ ಶಿಕ್ಷಕರ ಕೈಯಲ್ಲೇ ರೂಪುಗೊಂಡು ಆಮೇಲೆ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ಯಂತಹ ಪ್ರಯೋಗ ಆ ಬಿಗಿಯಾದ ವ್ಯವಸ್ಥೆಯಲ್ಲಿ ಕೆಳಗಿನಿಂದ ಮೇಲಕ್ಕೆ ಏರುವುದು ಸುಲಭವಲ್ಲ.

ದ್ವೀಪದ ಶಿಕ್ಷಕರಲ್ಲಿ ಬಹಳ ಮಂದಿ ‘ಅನಪ್ಲಿರೋತಿಸ್’, ನಮ್ಮ ಅತಿಥಿ ಶಿಕ್ಷಕರಂತೆ ವರ್ಷದ ಮಟ್ಟಿಗೆ ನೇಮಕಗೊಂಡವರು. ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ ಆದೇಶ ಬರುತ್ತದೆ. ಹಡಗು ಹತ್ತಿ ಹೋದರೆ ಪ್ರವಾಸಿಗಳ ಕಾಲ ಇನ್ನೂ ಮುಗಿದಿರುವುದಿಲ್ಲ, ಬಾಡಿಗೆ ಕೋಣೆ ಸಂಬಳಕ್ಕೆ ನಿಲುಕುವುದಿಲ್ಲ.

ತಮ್ಮ ಕೆಲಸಕ್ಕೆ ಹತ್ತಿರದ ಇನ್ನೊಂದು ಸಂಗತಿ ಹೇಳಬೇಕು. 1789ರಲ್ಲಿ ಮದ್ರಾಸಿನ ಎಳುಂಬೂರಿನ ಅನಾಥಾಲಯದ ಮೇಲ್ವಿಚಾರಕರಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ನಮ್ಮ ಕೂಲಿಮಠದ ಐಗಳು ಮಾಡಿಸುತ್ತಿದ್ದುದೂ ಅದನ್ನೇ. ದೊಡ್ಡ ಹುಡುಗರಿಂದ ಸಣ್ಣವರಿಗೆ ಪಾಠ ಹೇಳಿಸುವ ಕ್ರಮವನ್ನೂ ಅದಕ್ಕೆ ಸೇರಿಸಿ ಅವರು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನ ಈ ವಿಧಾನವೂ, ಜೋಸೆಫ್ ಲ್ಯಾಂಕಾಸ್ಟರ್ ಬೆಳೆಸಿದ ಅದರ ಇನ್ನೊಂದು ರೂಪವೂ ಯುರೋಪನ್ನು ಸುತ್ತಿ, ಸ್ವಾತಂತ್ರ್ಯಯುದ್ಧದಲ್ಲಿ ಬೆಂದುಹೋಗಿದ್ದ ಗ್ರೀಸನ್ನು ತಲುಪಿದವು. ಅಲ್ಲಿ ಹಣವೂ ಇರಲಿಲ್ಲ, ಶಿಕ್ಷಕರೂ ಇರಲಿಲ್ಲ. 1828ರಲ್ಲಿ ಬಂದ, ದೇಶದ ಮೊದಲ ಆಡಳಿತ ಮುಖ್ಯಸ್ಥ ಇಯಾನ್ನಿಸ್ ಕಪೊದಿಸ್ತ್ರಿಯಾಸ್ ಇದನ್ನೇ ಆರಿಸಿಕೊಂಡರು. ಇಯಾನ್ನಿಸ್ ಕೊಕ್ಕೊನಿಸ್ 1830ರಲ್ಲಿ ಫ್ರೆಂಚಿನಿಂದ ಅನುವಾದಿಸಿದ ಕೈಪಿಡಿ ಶಿಕ್ಷಕರ ಕೈಗೆ ಬಂತು. 1880ರವರೆಗೂ ಗ್ರೀಸಿನ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಆ ದಾರಿಯಲ್ಲೇ ನಡೆದವು, ಮೊದಲ ಸಾಲಿನ ಪುಟ್ಟ ಮಕ್ಕಳ ಮುಂದೆ ಮರಳಿನ ಮೇಜಿತ್ತು.

ಪ್ರಶ್ನೆ: ಅಲ್ಲಿ ಯೂನಿಫಾರಂ ಇದೆಯೆ? ದಸರಾ ರಜೆಯಂತಹ ರಜೆ ಯಾವುದು? (ಏಳನೆಯ ತರಗತಿಯ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ಯೂನಿಫಾರಂ ಇಲ್ಲ, ಮಗು. ಹುಡುಗಿಯರು ಮೊದಲು ನೀಲಿ ಬಣ್ಣದ ನಿಲುವಂಗಿ ತೊಡಬೇಕಾಗಿತ್ತು, 1982ರಲ್ಲಿ ಅದನ್ನು ತೆಗೆದುಹಾಕಿದರು. ದೊಡ್ಡ ರಜೆಗಳು ಕ್ರಿಸ್‌ಮಸ್ಸಿಗೆ ಎರಡು ವಾರ, ಈಸ್ಟರಿಗೆ ಎರಡು ವಾರ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಬೇಸಿಗೆ ರಜೆ. ಶಾಲೆ ತೆರೆದ ದಿನ ಪಾಠವಿಲ್ಲ: ಪಾದ್ರಿಯೊಬ್ಬರು ಬಂದು, ತುಳಸಿಯ ಜಾತಿಗೇ ಸೇರಿದ ಕಾಮಕಸ್ತೂರಿಯಂತಹ ಗಿಡದ ಕಟ್ಟನ್ನು ನೀರಿನಲ್ಲಿ ಅದ್ದಿ, ಸಾಲಾಗಿ ನಿಂತ ಮಕ್ಕಳ ಮೇಲೆ ಪ್ರೋಕ್ಷಿಸುತ್ತಾರೆ. ಆಮೇಲೆ ಪುಸ್ತಕ ಪಡೆದುಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ.